ಮೋಲ್ಡ್ ಆದ ಮೇಲೆ ಬ್ಯಾಂಕಿನ ಕಂತು ಕಡಿಮೆ ಬಂದರೆ ಏನು ಮಾಡಬೇಕು?

ಪ್ರಶ್ನೆ: ತುಮಕೂರಿನ ಕ್ಯಾತಸಂದ್ರದ ಹತ್ತಿರ 30×40 ಸೈಟಿನಲ್ಲಿ 16 ಚದರದ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಎಸ್ಟಿಮೇಟ್ 40 ಲಕ್ಷ, ಬ್ಯಾಂಕ್ ಸಾಲ 30 ಲಕ್ಷ. ಎರಡು ಕಂತಿನಲ್ಲಿ 12 ಲಕ್ಷ ಬಂದಿದೆ, ನಮ್ಮ ಕೈಯಿಂದಲೂ 12 ಲಕ್ಷ ಹಾಕಿದ್ದೇವೆ. ಅದರಲ್ಲಿ ಬೋರ್‌ವೆಲ್, ಕಾಂಪೌಂಡು, ಪ್ಲಾನ್ ಶುಲ್ಕಕ್ಕೆ ಎರಡೂವರೆ ಲಕ್ಷ, ಟೈಲ್ಸ್ ಮತ್ತು ಬಾಗಿಲಿನ ಮರಕ್ಕೆ ಒಂದೂವರೆ ಲಕ್ಷ ಹೋಗಿದೆ; ಉಳಿದದ್ದೆಲ್ಲ ಮೇಸ್ತ್ರಿಗೆ ಕೊಟ್ಟಿದ್ದೇವೆ. ಎರಡೂ ಮೋಲ್ಡ್ (ಕಾಂಕ್ರೀಟ್ ಚಾವಣಿ) ಮುಗಿದಿವೆ. ಮೂರನೇ ಕಂತು 8 ಲಕ್ಷ ಬರುತ್ತದೆ ಎಂದುಕೊಂಡಿದ್ದೆವು, ಬ್ಯಾಂಕಿನವರು 3 ಲಕ್ಷ ಮಾತ್ರ ಎನ್ನುತ್ತಾರೆ. 5 ಲಕ್ಷ ಕೊಡದಿದ್ದರೆ ಆಳುಗಳನ್ನು ಬೇರೆ ಸೈಟಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮೇಸ್ತ್ರಿ ಹೇಳುತ್ತಿದ್ದಾರೆ. ಕೈಸಾಲ ಮಾಡಿ ಕೊಟ್ಟುಬಿಡುವುದೇ?

ಉತ್ತರ: ಕೈಸಾಲ ಬೇಡ. ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 5 ಲಕ್ಷ ತಂದರೆ ತಿಂಗಳಿಗೆ 15,000 ಬಡ್ಡಿಗೇ ಹೋಗುತ್ತದೆ. ಬ್ಯಾಂಕಿನಿಂದ ಬಂದ 12 ಲಕ್ಷಕ್ಕೆ ಶೇ 9ರಂತೆ ಹಿಡಿದರೂ ತಿಂಗಳ ಬಡ್ಡಿ 9,000. ಅಷ್ಟು ದುಬಾರಿ ಹಣ ತರುವ ಮುಂಚೆ ಆ 3 ಲಕ್ಷದ ಲೆಕ್ಕ ಹೇಗೆ ಬಂತು ಎಂದು ತಿಳಿದುಕೊಳ್ಳಿ. ಅದು ಗೊತ್ತಾದರೆ ಬ್ಯಾಂಕಿನಲ್ಲಿ ಏನು ಕೇಳಬೇಕು, ಮೇಸ್ತ್ರಿಗೆ ಏನು ಹೇಳಬೇಕು ಎರಡೂ ಗೊತ್ತಾಗುತ್ತವೆ.

ನೀವು ಎಷ್ಟು ಖರ್ಚು ಮಾಡಿದ್ದೀರಿ ಎಂಬುದನ್ನು ಬ್ಯಾಂಕ್ ನೋಡುವುದಿಲ್ಲ. ಸೈಟಿನಲ್ಲಿ ಎಷ್ಟು ಕೆಲಸ ಎದ್ದು ನಿಂತಿದೆ ಎಂಬುದನ್ನಷ್ಟೇ ನೋಡುತ್ತದೆ. ಬ್ಯಾಂಕಿನ ವ್ಯಾಲ್ಯೂಯರ್ ಬಂದು, ಎಸ್ಟಿಮೇಟಿನ ಒಂದೊಂದು ಬಾಬ್ತನ್ನೂ ನೋಡಿ, ಕೆಲಸ ಶೇಕಡಾ ಇಷ್ಟು ಆಗಿದೆ ಎಂದು ವರದಿ ಕೊಡುತ್ತಾರೆ. ಎರಡಂತಸ್ತಿನ ಮನೆಗೆ ಎರಡೂ ಮೋಲ್ಡ್ ಆಗಿ ಗೋಡೆ ನಿಂತಾಗ ವರದಿ ಶೇ 50ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಮನೆಯ ಆಕಾರ ಪೂರ್ತಿ ಬಂದಿರುವುದರಿಂದ ಮುಕ್ಕಾಲು ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಗಾರೆ, ನೆಲ, ಬಾಗಿಲು ಕಿಟಕಿ, ವೈರಿಂಗ್, ನಲ್ಲಿ, ಬಣ್ಣ ಇವೆಲ್ಲ ಸೇರಿದರೆ ಉಳಿದ ಅರ್ಧ ಹಣ ಅಲ್ಲೇ ಇರುತ್ತದೆ.

ನಿಮ್ಮ ವರದಿ ಶೇ 50 ಎಂದಿಟ್ಟುಕೊಳ್ಳಿ. 40 ಲಕ್ಷದ ಅರ್ಧ 20 ಲಕ್ಷ. ಸಾಲದ ಪಾಲು 40ಕ್ಕೆ 30, ಅಂದರೆ ಶೇ 75. 20 ಲಕ್ಷದ ಶೇ 75 ಅಂದರೆ 15 ಲಕ್ಷ. ಆಗಲೇ ಕೊಟ್ಟಿರುವ 12 ಕಳೆದರೆ 3 ಲಕ್ಷ. ನಿಮಗೆ ಹೇಳಿದ ಅಂಕಿ ಇದೇ. ಕೆಲವು ಬ್ಯಾಂಕುಗಳಲ್ಲಿ ಇನ್ನೊಂದು ರೀತಿ ಇದೆ: ಮೊದಲು ಸಾಲಗಾರರ ಪಾಲು ಪೂರ್ತಿ ಹಾಕಿಸಿ, ಆಮೇಲೆ ತಮ್ಮ ಹಣ ಬಿಡುತ್ತಾರೆ. ಆ ಲೆಕ್ಕದಲ್ಲಿ 20ರಿಂದ ನಿಮ್ಮ 10 ಕಳೆದರೆ ಬ್ಯಾಂಕಿನ ಪಾಲು 10 ಲಕ್ಷ. ನಿಮಗೆ ಆಗಲೇ 12 ಬಂದಿರುವುದರಿಂದ ಈಗ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ನಿಮ್ಮ ಸಾಲಕ್ಕೆ ಯಾವ ರೀತಿ ಅನ್ವಯಿಸುತ್ತದೆ ಎಂಬುದು ಸ್ಯಾಂಕ್ಷನ್ ಪತ್ರದ (ಸಾಲ ಮಂಜೂರಾತಿ ಪತ್ರದ) ಷರತ್ತುಗಳಲ್ಲಿರುತ್ತದೆ. ಓದಿ, ಅರ್ಥವಾಗದಿದ್ದರೆ ಶಾಖೆಯಲ್ಲಿ ಕೂತು ಕೇಳಿ.

ಇನ್ನು ನಿಮ್ಮ 12 ಲಕ್ಷ. ನಿಂತಿರುವ ಕೆಲಸ 20 ಲಕ್ಷ, ಬ್ಯಾಂಕ್ ಕೊಟ್ಟದ್ದು 12, ಹಾಗಾಗಿ ಬ್ಯಾಂಕಿನ ಲೆಕ್ಕದಲ್ಲಿ ನೀವು ಹಾಕಿದ್ದು 8 ಲಕ್ಷ. ಮಿಕ್ಕ ನಾಲ್ಕು ಲಕ್ಷದಲ್ಲಿ ಬೋರ್‌ವೆಲ್, ಕಾಂಪೌಂಡು, ಪ್ಲಾನ್ ಶುಲ್ಕ ಎಸ್ಟಿಮೇಟಿನಲ್ಲೇ ಇಲ್ಲದಿದ್ದರೆ ಅವು ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ. ಟೈಲ್ಸ್ ಅಂಗಡಿಯಲ್ಲಿದೆ, ಮರ ಬಡಗಿಯ ಹತ್ತಿರ ಇದೆ. ಜೋಡಿಸುವವರೆಗೆ ಅವೂ ಲೆಕ್ಕಕ್ಕಿಲ್ಲ. ಸೈಟಿನಲ್ಲಿ ಬಿದ್ದಿರುವ ಕಬ್ಬಿಣ, ಸಿಮೆಂಟ್ ಚೀಲಗಳಿಗೂ ಸಾಮಾನ್ಯವಾಗಿ ಇದೇ ಗತಿ. ಕೆಲಸ ಶುರುವಾದ ಹೊಸದರಲ್ಲೇ ಬೆಲೆ ಏರುತ್ತದೆಂದು ಹೆದರಿ ಟೈಲ್ಸ್ ಕೊಳ್ಳುವುದು ಸಾಲದ ಮನೆಗೆ ಒಳ್ಳೆಯದಲ್ಲ. ಕೈಲಿದ್ದ ನಗದು ಹೋಗುತ್ತದೆ, ಕಂತು ಮಾತ್ರ ಹೆಚ್ಚುವುದಿಲ್ಲ.

ವರದಿಯಲ್ಲಿ ತಪ್ಪಿದೆಯೇ ಎಂದು ಮೊದಲು ನೋಡಿ. ನಿಮ್ಮ ಎಸ್ಟಿಮೇಟಿಗೆ ಶೇಕಡಾ ಒಂದು ಎಂದರೆ 40,000 ರೂಪಾಯಿ ಕೆಲಸ, 30,000 ರೂಪಾಯಿ ಸಾಲ. ಐದು ಪಾಯಿಂಟ್ ತಪ್ಪಿದ್ದರೆ ಒಂದೂವರೆ ಲಕ್ಷ. ವರದಿಯ ಪ್ರತಿ ಕೇಳಿ. ಕೊಡದಿದ್ದರೂ ಶೇಕಡಾವಾರು ಮತ್ತು ಭೇಟಿಯ ದಿನಾಂಕ ಕೇಳಿ ತಿಳಿದುಕೊಳ್ಳಿ. ವ್ಯಾಲ್ಯೂಯರ್ ಬಂದಾಗ ಮೇಲಿನ ಮೋಲ್ಡ್ ಆಗಿತ್ತೇ? ಸಂಪು, ಮೆಟ್ಟಿಲು, ಪ್ಯಾರಾಪೆಟ್, ಮೋಲ್ಡಿನೊಳಗೆ ಹಾಕಿದ ಕರೆಂಟ್ ಪೈಪು ಎಸ್ಟಿಮೇಟಿನಲ್ಲಿದ್ದರೆ ವರದಿಯಲ್ಲೂ ಬಂದಿವೆಯೇ? ಭೇಟಿಯ ದಿನ ಮನೆಯವರೊಬ್ಬರು ಎಸ್ಟಿಮೇಟಿನ ಪ್ರತಿ ಹಿಡಿದು ಜೊತೆಗೇ ಓಡಾಡಬೇಕು. ಬೀಗ ಹಾಕಿದ ಸೈಟನ್ನು ರಸ್ತೆಯಿಂದ ನೋಡಿ ಬರೆದ ವರದಿಯಲ್ಲಿ ಒಳಗಿನ ಕೆಲಸ ಹೇಗೆ ಬಂದೀತು?

ತಪ್ಪು ಕಂಡರೆ ಬಾಯಲ್ಲಿ ಹೇಳಿ ಬಿಡಬೇಡಿ. ಶಾಖಾ ವ್ಯವಸ್ಥಾಪಕರಿಗೆ ಹೀಗೆ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ: “ನನ್ನ ಗೃಹಸಾಲ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನದ ತಪಾಸಣಾ ವರದಿಯಲ್ಲಿ ಈ ಬಾಬ್ತುಗಳು ಬಿಟ್ಟುಹೋಗಿವೆ. ನಮ್ಮ ಎಂಜಿನಿಯರ್ ಪ್ರಮಾಣಪತ್ರ, ದಿನಾಂಕವಿರುವ ಫೋಟೊ, ಬಿಲ್ಲುಗಳನ್ನು ಲಗತ್ತಿಸಿದ್ದೇನೆ. ಮರು ತಪಾಸಣೆ ಮಾಡಿಸಿ, ಅರ್ಹ ಮೊತ್ತವನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.” ಮರು ಭೇಟಿಗೆ ಶುಲ್ಕ ಕೇಳಬಹುದು, ಕೊಡಿ.

ವರದಿ ಸರಿಯಿದ್ದು ಕಂತು ಪೂರ್ತಿ ನಿಂತಿದ್ದರೆ ಅದಕ್ಕೆ ಹೆಚ್ಚಾಗಿ ಎರಡು ಕಾರಣ. ಒಂದು, ತಿಂಗಳ ಬಡ್ಡಿ ಕಟ್ಟುವ ದಿನ ಖಾತೆಯಲ್ಲಿ ಹಣವಿಲ್ಲದೆ ವಾಪಸಾಗಿರುವುದು. ಇನ್ನೊಂದು, ಮಂಜೂರಾದ ಪ್ಲಾನ್ ಬಿಟ್ಟು ಕಟ್ಟಿರುವುದು. 30×40ರಲ್ಲಿ ಕಾರಿಗೆ ಜಾಗ ಸಾಲದೆಂದು ಗೋಡೆಯನ್ನು ಸೆಟ್‌ಬ್ಯಾಕಿಗೆ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗಕ್ಕೆ) ತಳ್ಳುವುದು, ಮೇಸ್ತ್ರಿ ಮಾತು ಕೇಳಿ ತಾರಸಿಯ ಮೇಲೆ ಒಂದು ಕೋಣೆ ಏರಿಸುವುದು ತುಂಬಾ ಸಾಮಾನ್ಯ. ವ್ಯಾಲ್ಯೂಯರ್ ಕೈಯಲ್ಲಿ ಪ್ಲಾನ್ ಇರುತ್ತದೆ. ವ್ಯತ್ಯಾಸ ಬರೆದರೆ ಹಣ ನಿಲ್ಲುತ್ತದೆ. ಅಂಥ ಬದಲಾವಣೆ ಬೇಕೇ ಬೇಕಿದ್ದರೆ ಕಟ್ಟುವ ಮೊದಲು ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಪರಿಷ್ಕೃತ ಪ್ಲಾನ್‌ಗೆ ಮಂಜೂರಾತಿ ಪಡೆದು ಬ್ಯಾಂಕಿಗೆ ಕೊಡಬೇಕು.

ಈಗ ಮೇಸ್ತ್ರಿಯ ವಿಷಯ. ನಿಮ್ಮದೇ ಲೆಕ್ಕದ ಪ್ರಕಾರ 24 ಲಕ್ಷದಲ್ಲಿ 4 ಕಳೆದು 20 ಲಕ್ಷ ಅವರಿಗೆ ಸಂದಿದೆ. ನಿಂತಿರುವ ಕೆಲಸವೂ 20 ಲಕ್ಷದ್ದೇ. ಅಂದಮೇಲೆ ಆದ ಕೆಲಸಕ್ಕೆ ಬಾಕಿ ಇಲ್ಲ, ಅವರು ಕೇಳುತ್ತಿರುವ 5 ಲಕ್ಷ ಮುಂದಿನ ಹಂತದ ಮುಂಗಡ. ಕೂತು, ಕಾಗದದ ಮೇಲೆ ಈ ಲೆಕ್ಕ ತೋರಿಸಿ. ಅವರ ಕಷ್ಟವೂ ಸುಳ್ಳಲ್ಲ: ಶನಿವಾರ ಬಟವಾಡೆ ಮಾಡದಿದ್ದರೆ ಆಳುಗಳು ಸೋಮವಾರ ಬರುವುದಿಲ್ಲ. ಅದಕ್ಕೆ ದೊಡ್ಡ ಮುಂಗಡದ ಬದಲು ವಾರದ ಕೂಲಿಯನ್ನು ಕೆಲಸದ ಅಳತೆ ನೋಡಿ ಕೊಡಿ. ಸಿಮೆಂಟ್, ಎಂ-ಸ್ಯಾಂಡ್ ಹಣವನ್ನು ಅಂಗಡಿಗೆ ನೀವೇ ನೇರ ಕಟ್ಟಿ, ಒಪ್ಪಂದದ ಮೊತ್ತದಲ್ಲಿ ಕಳೆದುಕೊಳ್ಳಿ. ಕೂಲಿಯೂ ಸೇರಿ ಎಲ್ಲವೂ ಬ್ಯಾಂಕ್ ಖಾತೆ ಅಥವಾ ಯುಪಿಐ ಮೂಲಕವೇ ಹೋಗಲಿ. ನಿಮ್ಮ ಪಾಲು ಹಾಕಿದ್ದೀರಿ ಎಂಬುದಕ್ಕೆ ನಾಳೆ ಬ್ಯಾಂಕಿಗೆ ತೋರಿಸುವ ಪುರಾವೆ ಅದೇ. ಹಣ ಬಿಡುಗಡೆಯ ಖಾಲಿ ಅರ್ಜಿಗೆ ಸಹಿ ಹಾಕಿ ಮೇಸ್ತ್ರಿ ಕೈಗೆ ಮಾತ್ರ ಕೊಡಬೇಡಿ.

ಆ 3 ಲಕ್ಷವನ್ನು ಎಲ್ಲಿ ಹಾಕಬೇಕು? ಶೇಕಡಾವಾರು ಬೇಗ ಏರುವ ಕಡೆ. ಗೋಡೆಯಲ್ಲಿ ಕರೆಂಟ್ ಪೈಪು, ಬಚ್ಚಲು ಮತ್ತು ಅಡುಗೆಮನೆಯ ನೀರಿನ ಪೈಪು ಮುಗಿಸಿ, ನೀರಿನ ಪೈಪಿಗೆ ಒತ್ತಡದ ಪರೀಕ್ಷೆ ಮಾಡಿಸಿ, ಆಮೇಲೆ ಒಳಗಿನ ಗಾರೆ. ಪರೀಕ್ಷೆ ಬಿಟ್ಟು ಗಾರೆ ಮಾಡಿದರೆ ಸೋರಿಕೆ ಗೊತ್ತಾಗುವುದು ಟೈಲ್ಸ್ ಹಾಕಿದ ಮೇಲೆ. ಹೊರಗಿನ ಗಾರೆಯನ್ನು ಸೆಪ್ಟೆಂಬರ್, ಅಕ್ಟೋಬರ್ ಮಳೆ ಕಳೆಯುವವರೆಗೆ ಮುಂದೂಡಬಹುದು. 3 ಲಕ್ಷದ ಕೆಲಸ ಆದರೆ ವರದಿ ಶೇ 57.5ಕ್ಕೆ ಬರುತ್ತದೆ, ಆಗ 2.25 ಲಕ್ಷ ಸಿಗುತ್ತದೆ. ಗಮನಿಸಿ, ಮಾಡಿದ ಕೆಲಸದ ಮುಕ್ಕಾಲು ಭಾಗ ಮಾತ್ರ ತಿರುಗಿ ಬರುತ್ತದೆ, ಕಾಲು ಭಾಗ ಪ್ರತಿ ಸಲವೂ ನಿಮ್ಮದು. ಆ ಕಾಲು ಭಾಗಕ್ಕೆ ನಿಮ್ಮಲ್ಲಿ ಆಗಲೇ ಇರುವುದು ಟೈಲ್ಸ್ ಮತ್ತು ಮರ. ಒಂದು ಕೋಣೆಯ ಗಾರೆ ಒಣಗಿದ ಕೂಡಲೇ ಅಲ್ಲಿ ನೆಲ ಹಾಸಿ, ಬಾಗಿಲು ನಿಲ್ಲಿಸಿ. ಒಂದೂವರೆ ಲಕ್ಷದ ಆ ಸಾಮಾನು ಜೋಡಣೆಯಾದರೆ 1.12 ಲಕ್ಷ ಸಾಲ ಬಿಡುಗಡೆಗೆ ಅರ್ಹವಾಗುತ್ತದೆ. ಕಂತುಗಳನ್ನು ಚಿಕ್ಕದಾಗಿ, ಹೆಚ್ಚು ಸಲ ಬಿಡಲು ಶಾಖೆ ಒಪ್ಪುತ್ತದೆಯೇ ಎಂದೂ ಕೇಳಿ.

ಕಂತು ಬೇಗ ಬರಲೆಂದು ಮೋಲ್ಡಿನ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಡುವ ಆಧಾರ) ಬೇಗ ಬಿಚ್ಚುವುದನ್ನು ಮಾತ್ರ ಒಪ್ಪಬೇಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಕೆಳಗಿನ ಆಧಾರ ಕನಿಷ್ಠ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ ಇರಬೇಕು. ಆರು ಮೀಟರ್‌ವರೆಗಿನ ಬೀಮಿಗೆ 14, ಅದಕ್ಕಿಂತ ಉದ್ದಕ್ಕೆ 21 ದಿನ. ಇವು ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿನ ದಿನಗಳು. ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುವುದರಿಂದ ಅದಕ್ಕೆ ಇನ್ನೂ ಹೆಚ್ಚು ದಿನ ಬೇಕು, ಎಂಜಿನಿಯರನ್ನು ಕೇಳಿ ನಿರ್ಧರಿಸಿ. ಕ್ಯೂರಿಂಗ್ ನೀರು 14 ದಿನ ನಿಲ್ಲಲಿ. ಈ ದಿನಗಳನ್ನು ಕಾಗದದ ಕೆಲಸಕ್ಕೆ ಬಳಸಿಕೊಳ್ಳಿ. ಮೋಲ್ಡ್ ಹಾಕಿದ ದಿನವೇ ಕಂತಿನ ಅರ್ಜಿ, ಎಂಜಿನಿಯರ್ ಪ್ರಮಾಣಪತ್ರ, ಕಂದಾಯದ ರಸೀದಿ ಕೊಟ್ಟರೆ ಸೆಂಟ್ರಿಂಗ್ ಬಿಚ್ಚುವ ಹೊತ್ತಿಗೆ ತಪಾಸಣೆಗೆ ದಿನ ಗೊತ್ತಾಗಿರುತ್ತದೆ.

ಒಟ್ಟು ಹಣ ಸಾಲುತ್ತದೆಯೇ? ಉಳಿದ ಕೆಲಸ 20 ಲಕ್ಷ, ಅದರಲ್ಲಿ ಒಂದೂವರೆ ಲಕ್ಷದ ಸಾಮಾನು ಕೊಂಡಾಗಿದೆ, ಬೇಕಾದದ್ದು 18.5. ಸಾಲದಲ್ಲಿ ಉಳಿದದ್ದು 18. ಬೆಲೆ ಏರದಿದ್ದರೆ ಕೊರತೆ 50,000, ಜೊತೆಗೆ ಕಂತು ಕಂತಿನ ನಡುವೆ ತಿರುಗಿಸಲು ಒಂದೆರಡು ಲಕ್ಷ. ಇದಕ್ಕೆ ಬ್ಯಾಂಕಿನಲ್ಲಿ ಚಿನ್ನದ ಮೇಲಿನ ಸಾಲ, ಎಲ್‌ಐಸಿ ಪಾಲಿಸಿ ಮೇಲಿನ ಸಾಲ, ನೌಕರಿಯಲ್ಲಿದ್ದರೆ ಮನೆ ಕಟ್ಟಲು ಪಿಎಫ್ ಹಣ, ಇವುಗಳಲ್ಲೊಂದು ಸಾಕು. ಕೊರತೆ ಇದಕ್ಕಿಂತ ಬಹಳ ದೊಡ್ಡದೆಂದು ಕಂಡರೆ ಪರಿಷ್ಕೃತ ಎಸ್ಟಿಮೇಟ್ ಕೊಟ್ಟು ಸಾಲ ಹೆಚ್ಚಿಸಲು ಈಗಲೇ ಕೇಳಿ. ಆದಾಯ ನೋಡಿ ತೀರ್ಮಾನಿಸುತ್ತಾರೆ.

ಬಡ್ಡಿಯನ್ನೂ ಪರಿಶೀಲಿಸಿ. ಬಿಡುಗಡೆಯಾದ ಮೊತ್ತಕ್ಕೆ, ಹಣ ನಿಜವಾಗಿ ಕೈಸೇರಿದ ದಿನದಿಂದ ಮಾತ್ರ ಬಡ್ಡಿ ಹಾಕಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಮಂಜೂರಾದ ದಿನದಿಂದಲೋ ಚೆಕ್ ಬರೆದ ದಿನದಿಂದಲೋ ಹಾಕಿದ್ದರೆ ವಾಪಸ್ ಕೇಳಿ. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಶುಲ್ಕವಿಲ್ಲದೆ ದೂರು ಕೊಡಬಹುದು, ಮಾಹಿತಿಗೆ 14448. ಸಾಲ ಕೊಟ್ಟದ್ದು ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.

ಕೊನೆಯ ಕಂತಿಗೆ ಎಸ್ಟಿಮೇಟಿನ ಎಲ್ಲ ಬಾಬ್ತೂ ಮುಗಿದಿರಬೇಕು, ಹಾಗಾಗಿ ಅದರಲ್ಲಿಲ್ಲದ ಫಾಲ್ಸ್ ಸೀಲಿಂಗ್, ವಾರ್ಡ್‌ರೋಬ್‌ಗಳಿಗೆ ಅಲ್ಲಿಯವರೆಗೆ ಕೈ ಹಾಕಬೇಡಿ. ಮೇಸ್ತ್ರಿಯ ಒಟ್ಟು ಮೊತ್ತದಲ್ಲಿ ಶೇ 5ನ್ನು ಹಿಡಿದಿಟ್ಟುಕೊಳ್ಳುವ ಮಾತನ್ನು ಈಗಲೇ ಬರೆಸಿ. ತಾರಸಿಯ ಮೇಲೂ ಬಚ್ಚಲುಮನೆಯಲ್ಲೂ ನೀರು ನಿಲ್ಲಿಸಿ ನೋಡಿ, ಅವುಗಳ ಕೆಳಗಿನ ಸೀಲಿಂಗಿನಲ್ಲಿ ತೇವ ಕಾಣಿಸದಿದ್ದರೆ ಆ ಹಣವನ್ನು ಬಿಡುಗಡೆ ಮಾಡಿ.