ಒಂದೇ ಹಿಟ್ಟು, ಎರಡು ಟ್ರೇ

ನಾನ್‌ಖಟಾಯಿ ಮೇಲೆ ಇನ್ನೂ ಬಿಳಿಚಿಕೊಂಡಿತ್ತು, ತಿರುವಿ ನೋಡಿದರೆ ತಳ ಸೀದಿತ್ತು. ಓವನ್ ಜೊತೆ ಬಂದ ಕಪ್ಪು ಟ್ರೇಯಲ್ಲಿ ಇಟ್ಟಿದ್ದೆ. ಉಳಿದ ಹಿಟ್ಟನ್ನು ಪಾತ್ರೆ ಅಂಗಡಿಯಿಂದ ತಂದಿದ್ದ ಹೊಳೆಯುವ ಅಲ್ಯೂಮಿನಿಯಂ ಟ್ರೇಗೆ ಹಾಕಿ, ಅದೇ ಉರಿಯಲ್ಲಿ ಅಷ್ಟೇ ಹೊತ್ತು ಬೇಯಿಸಿದೆ. ಈ ಸಲ ತಳ ಹದವಾಗಿ ಹೊಂಬಣ್ಣಕ್ಕೆ ಬಂತು. ಸುಮ್ನೆ ಹಿಟ್ಟನ್ನು ಬೈದುಕೊಂಡಿದ್ದೆ.

ಒಟಿಜಿಯೊಳಗೆ (ಮನೆಯಲ್ಲಿಡುವ ಪುಟ್ಟ ಕರೆಂಟ್ ಓವನ್) ಕೆಂಪಗೆ ಕಾಯುವ ಸರಳುಗಳನ್ನು ನೋಡಿರುತ್ತೀರಿ ಅಲ್ವಾ? ಅವು ಗಾಳಿಯನ್ನಷ್ಟೇ ಬಿಸಿ ಮಾಡುವುದಿಲ್ಲ. ಕೆಂಡದ ಮುಂದೆ ಕೂತರೆ ಮುಖಕ್ಕೆ ತಟ್ಟುತ್ತದಲ್ಲ, ಅಂಥ ಝಳವನ್ನೂ ಬೀರುತ್ತವೆ. ನುಣುಪಾದ ಬರಿ ಅಲ್ಯೂಮಿನಿಯಂ ಈ ಝಳದಲ್ಲಿ 100ಕ್ಕೆ 90 ಪಾಲಿಗಿಂತ ಜಾಸ್ತಿ ವಾಪಸ್ ಕಳಿಸುತ್ತದೆ. ಕಪ್ಪು ಲೇಪದ ಟ್ರೇ ಬಹುಪಾಲು ಹೀರಿಕೊಳ್ಳುತ್ತದೆ. ಸಕ್ಕರೆ, ಬೆಣ್ಣೆ ತುಂಬಿದ ಬಿಸ್ಕತ್ತು ಅದರ ಮೇಲೆ ಸೀಯದೆ ಇನ್ನೇನಾದೀತು? ಹಾಗಂತ ಕಪ್ಪು ಟ್ರೇ ಬಿಸಾಡಬೇಡಿ. ತಳ ಗರಿಗರಿಯಾಗಬೇಕಾದ ಪಿಜ್ಜಾಕ್ಕೆ ಅದೇ ವಾಸಿ. ಬಿಸ್ಕತ್ತಿಗೂ ಕಪ್ಪು ಟ್ರೇಯೇ ಗತಿಯಾದರೆ ಉಷ್ಣತೆಯನ್ನು 10–15 ಡಿಗ್ರಿ ಇಳಿಸಿ.

ಸ್ಟೀಲ್ ತಟ್ಟೆ ಮಾತ್ರ ನನಗೆ ಇಷ್ಟವಿಲ್ಲ. ಅಲ್ಯೂಮಿನಿಯಂನಲ್ಲಿ ಶಾಖ ಸ್ಟೇನ್‌ಲೆಸ್ ಸ್ಟೀಲಿಗಿಂತ 10 ಪಟ್ಟಿಗೂ ಹೆಚ್ಚು ಸಲೀಸಾಗಿ ಹರಿಯುತ್ತದೆ. ಸ್ಟೀಲಿನಲ್ಲಿ ಬಿಸಿ ಬಿದ್ದ ಕಡೆಯೇ ನಿಲ್ಲುತ್ತದೆ. ಸರಳಿನ ಮೇಲಿರುವ ಬಿಸ್ಕತ್ತಿನ ಸಾಲು ಕಪ್ಪು, ಪಕ್ಕದ್ದು ಹಸಿ. ತೆಳ್ಳನೆಯ ಕಾವಲಿಯಲ್ಲಿ ದೋಸೆ ಹೊಯ್ದವರಿಗೆ ಈ ಪಾಡು ಗೊತ್ತು. ಟ್ರೇ ಕೂಡ ಕೈಗೆ ತೂಕವಾಗಿರಲಿ.

ಓವನ್ನಿನೊಳಗಿಂದ ಒಮ್ಮೊಮ್ಮೆ ‘ಢಣ್’ ಅಂತ ಸದ್ದು ಬರುವುದೂ ತೆಳು ಟ್ರೇಯಿಂದಲೇ. 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಟ್ರೇ 30ರಿಂದ 200 ಡಿಗ್ರಿಗೆ ಕಾದರೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಎಲ್ಲ ಕಡೆ ಒಟ್ಟಿಗೆ ಹಿಗ್ಗಿದರೆ ತಕರಾರಿಲ್ಲ. ಫ್ರಿಜ್ಜಿನಿಂದ ತೆಗೆದ ಹಿಟ್ಟು ಒಂದು ಮೂಲೆಯಲ್ಲಿ ಕೂತಿದ್ದರೆ ಆ ಮೂಲೆ ತಣ್ಣಗಿರುತ್ತದೆ, ಉಳಿದದ್ದು ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ. ಅಂಚನ್ನು ಸುರುಳಿ ಸುತ್ತಿ ಒಳಗೆ ತಂತಿ ಕೂರಿಸಿದ ಟ್ರೇ ಅಷ್ಟು ಸುಲಭಕ್ಕೆ ಬಗ್ಗದು. ಬಿಸಿ ಟ್ರೇಯನ್ನು ನಲ್ಲಿ ಕೆಳಗೆ ಹಿಡಿಯುವ ಚಾಳಿಯನ್ನೂ ಬಿಡಿ.

ಕೊಳ್ಳುವ ಮುಂಚೆ ಓವನ್ನಿನ ಒಳಗಳತೆ ತೆಗೆದುಕೊಳ್ಳಿ. ಸುತ್ತ ಎರಡು ಬೆರಳು ಜಾಗ ಉಳಿಯದಿದ್ದರೆ ಬಿಸಿಗಾಳಿ ಮೇಲೆ ಬರುವುದು ಹೇಗೆ?

ಅಂದಹಾಗೆ, ಎಣ್ಣೆ ಸುಟ್ಟು ಕರೆಗಟ್ಟಿ ನನ್ನ ಅಲ್ಯೂಮಿನಿಯಂ ಟ್ರೇ ಈಗ ಕಂದು ಬಣ್ಣಕ್ಕೆ ತಿರುಗಿದೆ. ಝಳವನ್ನು ಮೊದಲಿಗಿಂತ ಜಾಸ್ತಿ ಹೀರುತ್ತದೆ. ಹಾಗಾಗಿ ನಾನ್‌ಖಟಾಯಿ ಇಟ್ಟ ದಿನ ಮೂರು ನಿಮಿಷ ಮೊದಲೇ ಇಣುಕಿ ನೋಡುತ್ತೇನೆ.