ಹನ್ನೊಂದು ಗಂಟೆಗೆ ಹೋದರೆ ಕಾಣದ ರಸ್ತೆ

ಬೆಂಗಳೂರಿನ ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆ ಶುರುವಾಗಿದ್ದು 2010ರಲ್ಲಿ. ಸುಮಾರು 10 ಕಿಲೋಮೀಟರ್ ಉದ್ದ. ಟೋಲ್ ಕಟ್ಟಿ ಹತ್ತಿದರೆ ಸಿಗ್ನಲ್ ಇಲ್ಲ, ಅಡ್ಡ ಬರುವವರಿಲ್ಲ. ಅದೇ ಹೊಸೂರು ರಸ್ತೆಯಲ್ಲಿ, ಕೆಳಗೆ, ಸಂಜೆ ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ನಿಂತು ನೋಡಬೇಕು. ಊಟದ ಡಬ್ಬಿಯ ಬ್ಯಾಗು ಹೆಗಲಿಗೆ ಹಾಕಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ನಾಲ್ಕೈದು ಹೆಂಗಸರು ಒಟ್ಟಿಗೇ ರಸ್ತೆಗೆ ಇಳಿಯುತ್ತಾರೆ. ಒಬ್ಬಳೇ ಇಳಿದರೆ ಗಾಡಿ ನಿಲ್ಲಲ್ಲ, ಗುಂಪಾದರೆ ನಿಲ್ಲುತ್ತೆ. ಅವರ ಸಿಗ್ನಲ್ ಅದೇ.

ನನ್ನ ಕೆಲಸ ರಸ್ತೆ ಸುರಕ್ಷತೆಯ ತಪಾಸಣೆ. ಮೀಟಿಂಗುಗಳಲ್ಲಿ ತಪ್ಪದೆ ಕೇಳುವ ಮಾತು ಒಂದಿದೆ: "ಸ್ಕೈವಾಕ್ ಕಟ್ಟಿಕೊಟ್ರೂ ಜನ ಹತ್ತಲ್ಲ ಮೇಡಂ, ಶಿಸ್ತಿಲ್ಲ." ಸ್ವಲ್ಪ ಲೆಕ್ಕ ಹಾಕೋಣ. ಕೆಳಗೆ ಲಾರಿ ಹೋಗಬೇಕೆಂದರೆ ಸ್ಕೈವಾಕ್, ಅಂದರೆ ನಡೆದು ದಾಟುವ ಸೇತುವೆ, ಐದೂವರೆ ಮೀಟರ್ ಎತ್ತರದಲ್ಲಿರಬೇಕು. ಮೆಟ್ಟಿಲು 15 ಸೆಂಟಿಮೀಟರ್ ಅಂದರೂ ಹತ್ತೋಕೆ ನಲವತ್ತರ ಹತ್ತಿರ, ಇಳಿಯೋಕೆ ಅಷ್ಟೇ. ಲಿಫ್ಟ್ ಇದ್ದು, ಅದು ಓಡುತ್ತಿದ್ದರೆ ಬೇರೆ ಮಾತು. ನೇರ ದಾಟಿದರೆ 14 ಮೀಟರ್ ರಸ್ತೆಗೆ 12 ಸೆಕೆಂಡು ಸಾಕು. ದಿನವಿಡೀ ಮಿಷನ್ ತುಳಿದ ಕಾಲು ಯಾವುದನ್ನು ಆರಿಸುತ್ತೆ? ಬೆಳಿಗ್ಗೆಯಂತೂ ಗೇಟಿಗೆ ತಡವಾದರೆ ಸಂಬಳ ಕಟ್. ಇದರಲ್ಲಿ ಶಿಸ್ತಿನ ಮಾತು ಎಲ್ಲಿಂದ ಬಂತು?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಸುಮಾರು 32,800 ಮಂದಿ ನಡೆದು ಹೋಗುತ್ತಿದ್ದವರು. ಇದು ದಾಖಲೆಗೆ ಬಂದ ಲೆಕ್ಕ. ನನಗೆ ಜಾಸ್ತಿ ಚಿಂತೆ ಇರುವುದು ದಾಖಲೆಗೆ ಬಾರದ ಗಾಯಗಳ ಬಗ್ಗೆ.

ಬ್ಲ್ಯಾಕ್ ಸ್ಪಾಟ್ ಅಂತ ಕೇಳಿರುತ್ತೀರಿ. ಹೆದ್ದಾರಿಯ ಸುಮಾರು 500 ಮೀಟರ್ ಒಳಗೆ, ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಆಗ ಆ ಜಾಗ ಪಟ್ಟಿಗೆ ಸೇರುತ್ತದೆ. ರಿಪೇರಿಗೆ ದುಡ್ಡೂ ಮೊದಲು ಅಲ್ಲಿಗೇ ಹೋಗುತ್ತದೆ. ಲೆಕ್ಕಕ್ಕೆ ಆಧಾರ ಪೊಲೀಸ್ ದಾಖಲೆ.

ಒಂದು ಫ್ಯಾಕ್ಟರಿ ಗೇಟಿನ ಎದುರು ಒಬ್ಬ ಅಕ್ಕನನ್ನು ಮಾತಾಡಿಸಿದೆ. ಬೈಕ್ ಗುದ್ದಿ ಮಣಿಕಟ್ಟು ಮುರಿದಿತ್ತು. ಕಂಪ್ಲೇಂಟ್ ಕೊಟ್ರಾ ಅಂದೆ. "ಸ್ಟೇಷನ್‌ಗೆ ಅಲೆದ್ರೆ ಕೂಲಿ ಯಾರು ಕೊಡ್ತಾರೆ ಮೇಡಂ? ಆ ಹುಡುಗನೇ ಪಾಪ, ಮೂರು ಸಾವಿರ ಕೊಟ್ಟು ಹೋದ." ಕಾನೂನಿನ ಪ್ರಕಾರ ಮೂಳೆ ಮುರಿದರೆ ಅದು ತೀವ್ರ ಗಾಯ. ಪಟ್ಟಿಗೆ ಸೇರಬೇಕಾದ ಐದರಲ್ಲಿ ಒಂದು ಅಲ್ಲೇ ಕಳೆದುಹೋಯಿತು. ಪಕ್ಕದಲ್ಲಿದ್ದ ಒಡಿಶಾದ ಹುಡುಗಿಗೆ ಸ್ಟೇಷನ್‌ನಲ್ಲಿ ಯಾವ ಭಾಷೆಯಲ್ಲಿ ಹೇಳಬೇಕು ಅನ್ನೋದೇ ತಿಳಿಯದು.

ಆದರೂ ದಯವಿಟ್ಟು ದೂರು ಕೊಡಿ. ಗುದ್ದಿದ ಗಾಡಿ ಯಾವುದೆಂದು ಪತ್ತೆಯಾಗದಿದ್ದರೂ ಪರಿಹಾರ ಇದೆ: 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಆ ಅರ್ಜಿಯ ವಿಚಾರಣೆಗೂ ಪೊಲೀಸ್ ದಾಖಲೆ ಬೇಕು.

ಇಂಥ ಜಾಗಕ್ಕೆ ನಾನು ಕೇಳುವುದು ಎತ್ತರಿಸಿದ ಜೀಬ್ರಾ ಪಟ್ಟೆ. ಉಬ್ಬಿನ ಮೇಲೆ ಹತ್ತಿ ಇಳಿಯಬೇಕಾದ್ದರಿಂದ ಗಾಡಿಗಳ ವೇಗ ಗಂಟೆಗೆ 30 ಕಿಲೋಮೀಟರಿಗೆ ಇಳಿಯಲೇಬೇಕು. 50ರಲ್ಲಿ ಬರುವ ಕಾರು, ಬ್ರೇಕ್ ಹಾಕಬೇಕು ಅಂತ ಹೊಳೆದ ಕ್ಷಣದಿಂದ ಪೂರ್ತಿ ನಿಲ್ಲುವಷ್ಟರಲ್ಲಿ ಸುಮಾರು 28 ಮೀಟರ್ ಮುಂದೆ ಬಂದಿರುತ್ತದೆ. 30ರಲ್ಲಿ ಬಂದರೆ 13 ಮೀಟರ್.

ಆ ಗೇಟಿನ ಎದುರು ಪಟ್ಟೆ ಎಲ್ಲಿ ಬರಬೇಕು ಅನ್ನೋದಕ್ಕೆ ನಕ್ಷೆ ತೋರಿಸಿದ್ದು ಅರವತ್ತು ಮೀಟರ್ ಆಚೆ. ತಪಾಸಣೆಗೆ ಜೀಪು ಬಂದಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ರಸ್ತೆ ಖಾಲಿ ಇದ್ದಾಗ. ಸಂಜೆ ಐದೂವರೆಗೆ ನಾನು ಮತ್ತೆ ಹೋದೆ. "ಬಸ್ ನಿಲ್ಲೋದು ಟೀ ಅಂಗಡಿ ಹತ್ರ, ಅಲ್ಲಿ ಯಾರು ದಾಟ್ತಾರೆ?" ಅಂತ ಅದೇ ಅಕ್ಕ ನಕ್ಕರು. ಬ್ಯಾಂಡೇಜ್ ಸುತ್ತಿದ ಕೈಯಲ್ಲೇ ಜಾಗ ತೋರಿಸಿದರು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ.