ಮೂತ್ರಪಿಂಡ ರೋಗಿಯ ಮೂಳೆಗೆ ವ್ಯಾಯಾಮ ಏನು ಮಾಡುತ್ತದೆ?

ಈ ಪಾಠದಲ್ಲಿ ನಾನು ಎಡವಿದ್ದು ಮೊದಲ ಹೆಜ್ಜೆಯಲ್ಲೇ. ದೀರ್ಘಕಾಲದ ಮೂತ್ರಪಿಂಡ ರೋಗದ ಮೂಳೆ ತೊಂದರೆಯನ್ನು ವಯಸ್ಸಾದವರ ಮೂಳೆ ಸವೆತವೆಂದೇ ಓದಿಕೊಂಡು ಹೋಗಿದ್ದೆ. ಇದರ ದಾರಿಯೇ ಬೇರೆ.

ಮೂತ್ರಪಿಂಡ ಸೋತಂತೆ ರಂಜಕ ಮೈಯಲ್ಲೇ ಉಳಿಯತೊಡಗುತ್ತದೆ. ಅದನ್ನು ಹೊರದಬ್ಬಲು ಮೂಳೆಯ ಕೋಶಗಳು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತವೆ. ಆದರೆ ಅದೇ ಹಾರ್ಮೋನು, ವಿಟಮಿನ್ ಡಿಯನ್ನು ಸಕ್ರಿಯಗೊಳಿಸುವ ಮೂತ್ರಪಿಂಡದ ಕೆಲಸವನ್ನು ಇನ್ನಷ್ಟು ತಗ್ಗಿಸುತ್ತದೆ. ಕರುಳು ಹೀರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳುತ್ತವೆ, ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಇಳಿಯುತ್ತದೆ. ಹೆಚ್ಚು ಪೆಟ್ಟು ಬೀಳುವುದು ಮೂಳೆಯ ಗಟ್ಟಿ ಹೊರಪದರಕ್ಕೆ. ಇನ್ನು ಕೆಲವರಲ್ಲಿ ಮೂಳೆ ಕಟ್ಟುವುದೂ ಕರಗುವುದೂ ಎರಡೂ ಮಂದವಾಗಿರುತ್ತವೆ. ಎಕ್ಸ್-ರೇಯಿಂದ ಮೂಳೆ ಅಳೆಯುವ ಡೆಕ್ಸಾ ಸ್ಕ್ಯಾನ್ ಸಾಂದ್ರತೆಯನ್ನು ತೋರಿಸುತ್ತದೆಯೇ ಹೊರತು, ಮೂಳೆ ಕರಗುವ ಮೊದಲ ಬಗೆಯೋ ಎಲ್ಲವೂ ಮಂದವಾದ ಎರಡನೆಯ ಬಗೆಯೋ ಎಂದು ಬಿಡಿಸಿ ಹೇಳುವುದಿಲ್ಲ. ('ಮೂಳೆಗೆ ಹಾಲು, ರಾಗಿ ಕೊಡಿ' ಎಂಬ ನೆಂಟರ ಸಲಹೆ ಇಲ್ಲಿ ಕಣ್ಣುಮುಚ್ಚಿ ಒಪ್ಪುವಂಥದ್ದಲ್ಲ, ಎರಡರಲ್ಲೂ ರಂಜಕವಿದೆ.)

ಈಗ ವ್ಯಾಯಾಮ. ಹೊರೆಗೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಪ್ರತಿಪಾದಿಸಿದ್ದರು. ಹೆಜ್ಜೆ ಊರಿದಾಗ ಮೂಳೆಯೊಳಗಿನ ಸಣ್ಣ ನಾಳಗಳಲ್ಲಿ ದ್ರವ ಅಲುಗುತ್ತದೆ; ಆಸ್ಟಿಯೊಸೈಟ್‌ಗಳೆಂಬ ಮೂಳೆಯ ಕೋಶಗಳು ಅದನ್ನು ಗ್ರಹಿಸಿ ಸ್ಕ್ಲೆರೋಸ್ಟಿನ್ ತಗ್ಗಿಸುತ್ತವೆ. ಸ್ಕ್ಲೆರೋಸ್ಟಿನ್ ಎಂದರೆ ಮೂಳೆ ಕಟ್ಟುವ ಕೆಲಸಕ್ಕೆ ಹಾಕಿದ ಲಗಾಮು. ಈ ರೋಗಿಗಳ ರಕ್ತದಲ್ಲಿ ಅದರ ಮಟ್ಟ ಮೊದಲೇ ಏರಿರುತ್ತದೆ. ಹಾಗಾಗಿ ಆರೋಗ್ಯವಂತರಲ್ಲಿ ಕಾಣುವಷ್ಟು ಫಲ ಇವರ ಮೂಳೆಯಲ್ಲೂ ಸಿಗುತ್ತದೆಂದು ಲೆಕ್ಕ ಹಾಕುವಂತಿಲ್ಲ. ಸಾಂದ್ರತೆ ಏರುತ್ತದೆ ಎನ್ನಲು ಪುರಾವೆ ತೆಳುವಾಗಿಯೇ ಇದೆ.

ಹಾಗಾದರೆ ನಡೆಯಿರಿ ಎಂದು ಹೇಳುವುದೇಕೆ? ಮೂಳೆ ಮುರಿಯುವುದು ಸಾಮಾನ್ಯವಾಗಿ ಬಿದ್ದಾಗ; ಬೀಳುವುದು ತೊಡೆಯ ಸ್ನಾಯು ಸೋತಾಗ. ನನ್ನ ಮಟ್ಟಿಗೆ ಪಾಠದ ತಿರುಳು ಇದೇ. ಇಟಲಿಯ ಎಕ್ಸೈಟ್ ಪ್ರಯೋಗದಲ್ಲಿ ಡಯಾಲಿಸಿಸ್ ರೋಗಿಗಳು ಮನೆಯಲ್ಲೇ ಆರು ತಿಂಗಳು ನಡಿಗೆ ಅಭ್ಯಾಸ ಮಾಡಿದರು. ಆರು ನಿಮಿಷದಲ್ಲಿ ಅವರು ಕ್ರಮಿಸುವ ದೂರ ಸರಾಸರಿ 328 ಮೀಟರಿನಿಂದ 367ಕ್ಕೆ ಏರಿತು.

ರೋಗಿಯ ತೊಡೆಯ ಬಲ ಪರೀಕ್ಷಿಸುವ ಸರಳ ವಿಧಾನ: ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಸಮಯ ಗುರುತಿಸಿ. ಮೂರನೆಯ ಸಲಕ್ಕೇ ಕೈ ಬಿಚ್ಚಿ ಕುರ್ಚಿಯ ತೋಳು ಹುಡುಕಿದರೆ, ಮೊದಲು ಬಲ ಬರಬೇಕಾದದ್ದು ತೊಡೆಗೆ. ಕುರ್ಚಿಯನ್ನು ಗೋಡೆಗೆ ಒರಗಿಸಿಡುವುದನ್ನು ಮರೆಯಬೇಡಿ.